‘ಕ್ರೋಮ್ ಹಾಕಿಕೊಳ್ಳಿ’ ಅನ್ನೋದು ಪರಿಹಾರ ಅಲ್ಲ

ಬೇರೆ ಬೇರೆ ರೂಪದಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ. ಈ ಸಲ ಅದಕ್ಕೇ ಜಾಸ್ತಿ ಜಾಗ.

ಪ್ರಶ್ನೆ: ನಮ್ಮ ವೆಬ್ ಆ್ಯಪ್ ಕ್ರೋಮ್‌ನಲ್ಲಿ ಚೆನ್ನಾಗಿ ಓಡುತ್ತದೆ. ಕೆಲವರ ಐಫೋನ್‌ನಲ್ಲಿ ಮಾತ್ರ ಪುಟ ಪೂರ್ತಿ ಖಾಲಿ. ಕ್ರೋಮ್ ಹಾಕಿಕೊಳ್ಳಿ ಅಂದೆವು, ಆಗಲೂ ಹಾಗೇ. ಕ್ರೋಮ್‌ನೊಳಗಿನ ಪರೀಕ್ಷಾ ಸಾಧನ ಡೆವ್‌ಟೂಲ್ಸ್‌ನ ಮೊಬೈಲ್ ಮೋಡ್‌ನಲ್ಲಿ ನೋಡಿದರೆ ಏನೂ ತೊಂದರೆ ಇಲ್ಲ.

ಉತ್ತರ: ಇರೋದೇ ಇಲ್ಲ, ನೀವು ಪರೀಕ್ಷೆ ಮಾಡಿದ್ದು ಕ್ರೋಮನ್ನೇ. ಮೊಬೈಲ್ ಮೋಡ್ ಪರದೆಯ ಅಳತೆ ಬದಲಿಸುತ್ತದೆ, ಯೂಸರ್ ಏಜೆಂಟ್ (ಬ್ರೌಸರ್ ತನ್ನ ಗುರುತು ಹೇಳುವ ಸಾಲು) ಬದಲಿಸುತ್ತದೆ, ಪುಟವನ್ನು ಓದಿ ಓಡಿಸುವ ಒಳಗಿನ ಎಂಜಿನ್ ಬದಲಿಸುವುದಿಲ್ಲ. ಇನ್ನು ಐಫೋನ್‌ನಲ್ಲಿ ಕ್ರೋಮ್ ಹಾಕಿಕೊಂಡರೂ ಒಳಗೆ ಓಡೋದು ಸಫಾರಿಯ ಎಂಜಿನ್ ಆದ ವೆಬ್‌ಕಿಟ್ಟೇ. 2024ರಲ್ಲಿ ಯುರೋಪಿಯನ್ ಒಕ್ಕೂಟದಲ್ಲಿ ಬೇರೆ ಎಂಜಿನ್‌ಗೂ ಅವಕಾಶ ಸಿಕ್ಕಿತು ನಿಜ, ಆದರೆ ನಿಮ್ಮ ಬಳಕೆದಾರರ ಕೈಯಲ್ಲಿರುವ ಹಳೇ ಫೋನಿಗೆ ಅದರಿಂದ ಏನೂ ಉಪಯೋಗವಿಲ್ಲ.

‘ಕೆಲವರ’ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಆ ಫೋನ್‌ಗಳ ಐಒಎಸ್ ಆವೃತ್ತಿ ಕೇಳಿ. 16.4ಕ್ಕಿಂತ ಹಳೆಯದಾಗಿದ್ದರೆ ನನ್ನ ಮೊದಲ ಅನುಮಾನ ರೆಜೆಕ್ಸ್‌ನ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಲುಕ್‌ಬಿಹೈಂಡ್ (ಹುಡುಕುವ ಪದದ ಹಿಂದೆ ಏನಿದೆ ಅಂತ ನೋಡುವ ಭಾಗ) ಮೇಲೆ. ಕ್ರೋಮ್‌ಗೆ ಅದು 2017ರಲ್ಲೇ ಬಂತು. ಸಫಾರಿಗೆ ಬಂದಿದ್ದು 2023ರಲ್ಲಿ, 16.4ರ ಜೊತೆ. ಐಫೋನ್ 7 ಐಒಎಸ್ 15ಕ್ಕೇ ನಿಂತುಬಿಟ್ಟಿದೆ, ಸಫಾರಿ ಹೊಸದಾಗಬೇಕಾದರೆ ಐಒಎಸ್ಸೇ ಹೊಸದಾಗಬೇಕು, ಹಾಗಾಗಿ ಆ ಫೋನಿಗೆ ಲುಕ್‌ಬಿಹೈಂಡ್ ಯಾವತ್ತೂ ಬರೋದಿಲ್ಲ.

ಒಂದು ಸಣ್ಣ ರೆಜೆಕ್ಸ್‌ಗೆ ಇಡೀ ಪುಟ ಯಾಕೆ ಹೋಗುತ್ತದೆ? ಇದು ಸಿಂಟ್ಯಾಕ್ಸ್ ತಪ್ಪು, ಅಂದರೆ ಕೋಡ್‌ನ ವ್ಯಾಕರಣದ ತಪ್ಪು. ಎಂಜಿನ್ ಫೈಲ್ ಓದುವಾಗಲೇ ಎಡವುತ್ತದೆ, ಬಂಡಲ್‌ನ (ಎಲ್ಲ ಕೋಡ್ ಒಟ್ಟುಗೂಡಿಸಿದ ಫೈಲ್) ಒಂದು ಸಾಲೂ ಓಡುವುದಿಲ್ಲ. ತಪ್ಪು ಹಿಡಿಯುವ ಟ್ರೈ-ಕ್ಯಾಚ್ ಹಾಕಿದರೂ ಸಿಗಲ್ಲ, ಯಾಕಂದರೆ ಅದೂ ಅದೇ ಫೈಲ್‌ನಲ್ಲಿದೆ. ಕನ್ಸೋಲ್‌ನಲ್ಲಿ ಬರುವ ಸಂದೇಶವೋ ‘ಇನ್ವ್ಯಾಲಿಡ್ ಗ್ರೂಪ್ ಸ್ಪೆಸಿಫೈಯರ್ ನೇಮ್’. ಅದನ್ನು ನೋಡಿ ಲುಕ್‌ಬಿಹೈಂಡ್ ಅಂತ ಯಾರಿಗೆ ಹೊಳೆಯಬೇಕು! ಜನ ಗ್ರೂಪಿನ ಹೆಸರು ಹುಡುಕುತ್ತಾ ದಿನ ಕಳೆಯುತ್ತಾರೆ.

ಆ ಸಂದೇಶ ಕಣ್ಣಿಗೆ ಬೀಳಬೇಕಾದರೆ ನಿಜವಾದ ಫೋನ್ ಬೇಕು. ಕೇಬಲ್‌ನಲ್ಲಿ ಮ್ಯಾಕ್‌ಗೆ ಜೋಡಿಸಿ ಸಫಾರಿಯ ವೆಬ್ ಇನ್‌ಸ್ಪೆಕ್ಟರ್ ತೆರೆಯಿರಿ. ಮ್ಯಾಕ್ ಇಲ್ಲವಾ? ಬಂಡಲ್‌ಗಿಂತ ಮುಂಚೆ ಬೇರೆಯದೇ ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ, ಹಳೇ ಶೈಲಿಯ ಜಾವಾಸ್ಕ್ರಿಪ್ಟ್‌ನಲ್ಲಿ, ಎರರ್ ಹಿಡಿದು ಪುಟದ ಮೇಲೇ ತೋರಿಸುವ ನಾಲ್ಕು ಸಾಲು ಬರೆಯಿರಿ. ಆಮೇಲೆ ಲುಕ್‌ಬಿಹೈಂಡನ್ನು ನಿಮ್ಮ ಸೋರ್ಸ್‌ನಲ್ಲಲ್ಲ, ಬಿಲ್ಡ್ ಆದ ಫೈಲ್‌ನಲ್ಲಿ ಹುಡುಕಿ. ಎಷ್ಟೋ ಸಲ ಅದು ನೀವು ಬರೆದದ್ದೇ ಆಗಿರಲ್ಲ, ಯಾವುದೋ ಲೈಬ್ರರಿಯ ಒಳಗೆ ಕೂತಿರುತ್ತದೆ. ನಿಮ್ಮದಾದರೆ ಅದರ ಬದಲು ಕ್ಯಾಪ್ಚರ್ ಗ್ರೂಪ್ (ಸಿಕ್ಕಿದ ಭಾಗವನ್ನು ಹಿಡಿದಿಡುವ ಆವರಣ) ಹಾಕಿ ಬರೆಯಿರಿ, ಲೈಬ್ರರಿಯದಾದರೆ ಆವೃತ್ತಿ ಬದಲಿಸಿ ಅಥವಾ ಆ ಲೈಬ್ರರಿಯನ್ನೇ ಬಿಡಿ.

‘ಒಂದು ಪಾಲಿಫಿಲ್ ಹಾಕಿ, ಎಲ್ಲ ಸರಿಹೋಗುತ್ತೆ’ ಅನ್ನುವವರ ಮಾತು ಕೇಳಬೇಡಿ. ಪಾಲಿಫಿಲ್ ಅನ್ನೋ ತೇಪೆ ಕೋಡ್, ಬ್ರೌಸರ್‌ನಲ್ಲಿ ಇಲ್ಲದ ಫಂಕ್ಷನ್ ಸೇರಿಸಬಹುದು, ಆದರೆ ಕೋಡ್ ಓದುವ ಪಾರ್ಸರ್‌ಗೆ ಹೊಸ ಸಿಂಟ್ಯಾಕ್ಸ್ ಕಲಿಸಲಾರದು. ಹೊಸ ಜಾವಾಸ್ಕ್ರಿಪ್ಟನ್ನು ಹಳೇ ರೂಪಕ್ಕೆ ತರುವ ಬೇಬಲ್ ಕೂಡ ಲುಕ್‌ಬಿಹೈಂಡನ್ನು ಹಳೇ ರೂಪಕ್ಕೆ ತಿರುಗಿಸಿ ಕೊಡುವುದಿಲ್ಲ. ‘ಕ್ಯಾಶ್ ಕ್ಲಿಯರ್ ಮಾಡಿ’ ಅಂತ ಬಳಕೆದಾರರಿಗೆ ಹೇಳಿ ಕಳಿಸುವವರ ಮೇಲಂತೂ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ತಪ್ಪು ನಮ್ಮ ಕೋಡ್‌ನದು, ಲಾಗಿನ್ ಕಳೆದುಕೊಂಡು ಒದ್ದಾಡೋದು ಅವರು.

ಪ್ರಶ್ನೆ: ಸಫಾರಿಯಲ್ಲಿ ದಿನಾಂಕ ‘ಇನ್ವ್ಯಾಲಿಡ್ ಡೇಟ್’ ಅಂತ ಬರುತ್ತಿದೆ.

ಉತ್ತರ: ದಿನಾಂಕ ಮತ್ತು ಸಮಯದ ನಡುವೆ ಖಾಲಿ ಜಾಗ ಬಿಟ್ಟು ಕಳಿಸುತ್ತಿದ್ದೀರಿ, ಅಲ್ವಾ? ಕ್ರೋಮ್ ಊಹೆ ಮಾಡಿ ಓದಿಕೊಳ್ಳುತ್ತದೆ, ಹಳೇ ಸಫಾರಿ ಓದುವುದಿಲ್ಲ. ನಡುವೆ ‘ಟಿ’ ಅಕ್ಷರ ಹಾಕಿ, ಕೊನೆಗೆ ಟೈಮ್‌ಝೋನ್ ಸೇರಿಸಿ, ಸರ್ವರ್‌ನಿಂದಲೇ ಹಾಗೆ ಕಳಿಸಿ.

ಪ್ರಶ್ನೆ: ಯೂಸರ್ ಏಜೆಂಟ್ ನೋಡಿ ಸಫಾರಿಗೆ ಬೇರೆ ಕೋಡ್ ಕೊಡಬಹುದಾ?

ಉತ್ತರ: ಬೇಡ, ಕ್ರೋಮ್ ಕೂಡ ತನ್ನ ಯೂಸರ್ ಏಜೆಂಟ್‌ನಲ್ಲಿ ಸಫಾರಿ ಅಂತ ಬರೆದುಕೊಂಡಿರುತ್ತದೆ, ನಿಮಗೆ ಬೇಕಾದ ಸೌಲಭ್ಯ ಇದೆಯಾ ಅಂತ ನೇರವಾಗಿ ಪರೀಕ್ಷೆ ಮಾಡಿ.

ಪ್ರಶ್ನೆ: ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ಇನ್ನೂ ಸಪೋರ್ಟ್ ಕೊಡಬೇಕಾ?

ಉತ್ತರ: ಮೈಕ್ರೋಸಾಫ್ಟ್ ಅದನ್ನು 2022ರ ಜೂನ್‌ನಲ್ಲೇ ನಿಲ್ಲಿಸಿದೆ, ನೀವೂ ನಿಲ್ಲಿಸಿ.

ಪ್ರಶ್ನೆ: ಎಲ್ಲ ಬ್ರೌಸರ್‌ನಲ್ಲೂ ಪಿಕ್ಸೆಲ್ ಪಿಕ್ಸೆಲ್ ಒಂದೇ ಥರ ಕಾಣಬೇಕು ಅಂತಾರೆ ನಮ್ಮ ಕ್ಲೈಂಟ್.

ಉತ್ತರ: ಆಗಲ್ಲ ಅಂತ ಈಗಲೇ ಹೇಳಿ, ಯಾವ ಯಾವ ಬ್ರೌಸರ್, ಎಷ್ಟು ಹಳೇ ಆವೃತ್ತಿ ಅನ್ನೋದನ್ನು ಕೆಲಸ ಶುರುವಾಗುವ ಮುಂಚೆ ಬರೆಸಿಕೊಳ್ಳಿ.