ಕಿರೀಟಕ್ಕೆ ಗಾಜಿನ ಕಪಾಟು, ಮದ್ದಲೆಯವರಿಗೆ ಚಾಪೆ

ನನ್ನ ಹತ್ತಿರ ಆಪ್ತಸಲಹೆಗೆ ಬಂದವರೊಬ್ಬರು, ಶಿರಸಿ ಕಡೆಯ ಹಳ್ಳಿಯವರು, ವಯಸ್ಸು ನಲವತ್ತರ ಆಸುಪಾಸು. ಯಕ್ಷಗಾನದಲ್ಲಿ ಮದ್ದಲೆ ಬಾರಿಸುತ್ತಾರೆ. (ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.) ನಿದ್ದೆ ಬರಲ್ಲ, ಮದ್ದಲೆ ಮುಟ್ಟಿದರೆ ಸಿಟ್ಟು ಬರುತ್ತದೆ ಅಂದರು. ನಾನು ಮೊದಲ ದಿನ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಿದೆ. ದಡ್ಡತನ.

ಎರಡನೇ ಸಲ ಅವರ ಕೈ ನೋಡಿದೆ. ಉಗುರಿನ ಸಂದಿಯೆಲ್ಲ ನೀಲಿ. ಮಳೆಗಾಲದಲ್ಲಿ ಆಟ ಕಡಿಮೆ ಅಲ್ವಾ, ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವವರ ಜೊತೆ ನೀಲಿ ಬಣ್ಣದ ಮೈಲುತುತ್ತು, ಸುಣ್ಣ ಕಲಸಲು ಹೋಗುತ್ತಾರಂತೆ. ಅದನ್ನು ಕೇಳಿದ್ದೇ ತಡ, ಎಲ್ಲ ಹೊರಗೆ ಬಂತು. ಇವರ ಯಕ್ಷಗಾನ ಮಂಡಳಿಗೆ ದಾನಿಗಳು ಸಭಾಭವನ ಕಟ್ಟಿಸಿದ್ದಾರೆ, ಹಳೇ ಕಿರೀಟಗಳಿಗೆ ಗಾಜಿನ ಕಪಾಟು, ಒಳಗೆ ಲೈಟು, ಬಾಗಿಲ ಬಳಿ ಕಲ್ಲಿನಲ್ಲಿ 11 ಹೆಸರು, ಇವರ ವೀಳ್ಯ, ಅಂದರೆ ಆಟಕ್ಕೆ ಕೊಡುವ ಸಂಭಾವನೆ, ಮಾತ್ರ 3 ವರ್ಷದಿಂದ ಅಷ್ಟೇ.

"ಕಿರೀಟಕ್ಕೆ ಒರಲೆ ಹತ್ತಬಾರ್ದು ಅಂತ ಅಷ್ಟು ಖರ್ಚು ಮೇಡಂ. ನಾವು ಚೌಕಿಯಲ್ಲಿ, ವೇಷ ಕಟ್ಟೋ ಜಾಗದಲ್ಲಿ, ಚಾಪೆ ಮೇಲೇ. ನಂಗೆ ಅಷ್ಟೂ ಬೆಲೆ ಇಲ್ವಾ?"

ಆ ಕೊನೆಯ ಪ್ರಶ್ನೆಯೇ ನಿದ್ದೆ ಕೆಡಿಸಿದ್ದು. ನಾನು ಹೇಳಿದೆ: ಸಿಟ್ಟು ನ್ಯಾಯವಾದದ್ದೇ, ಆದರೆ ಅದನ್ನು ನಿಮ್ಮ ಬೆಲೆಯ ಲೆಕ್ಕಕ್ಕೆ ಸೇರಿಸಬೇಡಿ. ಕಲ್ಲಿನ ಮೇಲೆ ಹೆಸರು ಕೆತ್ತಬಹುದು, ಫೋಟೋ ತೆಗೆಯಬಹುದು, ಒಂದು ಸಲ ಕೊಟ್ಟರೆ ಮುಗಿಯಿತು. ವೀಳ್ಯ ಹಾಗಲ್ಲ, ಬೆಳಗಾಗುವಷ್ಟರಲ್ಲಿ ಖರ್ಚಾಗಿರುತ್ತದೆ. ಹಾಗಾಗಿ ವೀಳ್ಯಕ್ಕೂ ಒಂದು ಹೆಸರು ಹಚ್ಚಿ ಕೇಳಿ. 'ಈ ತಿರುಗಾಟದ ಹಿಮ್ಮೇಳದ ವೀಳ್ಯ ಇಂಥವರದ್ದು' ಅಂತ. ಖರ್ಚಿನ ಪಟ್ಟಿಯಲ್ಲಿ ಅದು ಮೊದಲ ಸಾಲಿಗೇ ಬರಲಿ, 'ಇತರೆ' ಅನ್ನುವ ಮೂಲೆಗೆ ಬೇಡ.

ದಾನ ಕೊಡುವ ಕಂಪನಿಯವರು ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ) ದುಡ್ಡು ಸಂಬಳಕ್ಕೆ ಆಗಲ್ಲ ಅಂದಿದ್ದರಂತೆ. ಆ ದುಡ್ಡು ಯಾವುದಕ್ಕೆಲ್ಲ ಬಳಸಬಹುದು ಅನ್ನುವ 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲಿ ಹಳೇ ಕಟ್ಟಡದ ದುರಸ್ತಿ ಇದ್ದ ಹಾಗೇ ಪಾರಂಪರಿಕ ಕಲೆಯ ಬೆಳವಣಿಗೆಯೂ ಇದೆ. ಶೇ. 5ರ ಮಿತಿ ಇರುವುದು ಕಂಪನಿಯ ಸ್ವಂತ ಆಡಳಿತ ಖರ್ಚಿಗೆ, ಮದ್ದಲೆಯವರಿಗಲ್ಲ. ಇದನ್ನು ಮಂಡಳಿಯವರು ಹೇಳಲಿ, ನೀವೊಬ್ಬರೇ ಹೋಗಿ ಜಗಳ ಆಡಬೇಡಿ ಅಂದೆ. ಮನೆಯವರಿಗೆ ಏನೂ ಹೇಳಿರಲಿಲ್ಲ, ಅದನ್ನೂ ಹೇಳಿಸಿದೆ. ದಿನಕ್ಕೆ ಹತ್ತೇ ನಿಮಿಷ ಮದ್ದಲೆ, ಯಾರಿಗೂ ಕೇಳಿಸಲಿಕ್ಕಲ್ಲ, ಸುಮ್ನೆ.

ಮೊನ್ನೆ ಬಂದಿದ್ದರು. ನಿದ್ದೆ ಸ್ವಲ್ಪ ಪರವಾಗಿಲ್ಲ. ದಾನಿಯೊಬ್ಬರು ವೀಳ್ಯದ ಮಾತಿಗೆ "ನನ್ನ ಹೆಸರು ಎಲ್ಲಿ ಬರ್ತದೆ?" ಅಂತ ಕೇಳಿದರಂತೆ. "ಮೈಕಿನಲ್ಲಿ, ಪ್ರತಿ ಆಟಕ್ಕೂ" ಅಂದಿದ್ದಾರೆ ಇವರು. ಯೋಚಿಸ್ತೇನೆ ಅಂದಿದ್ದಾರಂತೆ ಅವರು.