ಪಿ10 ಎಲ್‌ಇಡಿ ಬೋರ್ಡಿನಲ್ಲಿ ಎರಡು ಸಾಲು ಬರಲೆಂದು 8 ಪಿಕ್ಸೆಲ್ ಎತ್ತರದ ಕನ್ನಡ ಫಾಂಟ್ ಮಾಡಬಹುದೇ? ಯಾವ ಸಾಫ್ಟ್‌ವೇರ್ ಒಳ್ಳೆಯದು?

8ರಲ್ಲಿ ಆಗುವುದಿಲ್ಲ. ಪೂರ್ತಿ 16 ಇದ್ದೂ ನಾನು ಎಡವಿದ್ದೇನೆ.

ಪಿ10 ಮಾಡ್ಯೂಲ್ ಅಂದರೆ ಅಡ್ಡ 32, ಎತ್ತರ 16 ಚುಕ್ಕಿ. ನಾನು ಅ, ಆ, ಇ ಅಂತ ವರ್ಣಮಾಲೆಯ ಕ್ರಮದಲ್ಲೇ ಬರೆಯುತ್ತಾ ಹೋದೆ. ತಲೆಕಟ್ಟು, ಗುಡಿಸಿಗೆ 3 ಸಾಲು, ಅಕ್ಷರದ ಮೈಗೆ 9, ನಡುವೆ ಖಾಲಿ 1. ಮೈ ದುಂಡಗೆ, ನೋಡಲು ಚೆಂದ. 49 ಅಕ್ಷರ ಮುಗಿಸಿ ಒತ್ತಿಗೆ ಬಂದಾಗ ಉಳಿದಿದ್ದು 3 ಸಾಲು.

3 ಸಾಲಿನಲ್ಲಿ ಏನಾಗುತ್ತದೆ ಅಂದರೆ, 'ಶ್ರೇಷ್ಠ' ಬರೆಯಿರಿ. ಠ ಒತ್ತಿನ ಒಳಗೆ ಚುಕ್ಕಿ ಬೇಕು. ಚುಕ್ಕಿಗೆ 1, ಅದರ ಮೇಲೆ ಕೆಳಗೆ ಖಾಲಿ ಒಂದೊಂದು, ಸುತ್ತಿನ ಗೆರೆಗೆ ಮತ್ತೆ ಒಂದೊಂದು. ಒಟ್ಟು 5. ಅಡ್ಡಕ್ಕೂ ಅಷ್ಟೇ. 3 ಸಾಲಿನಲ್ಲಿ ಬರೆದರೆ ಬರೀ ಸೊನ್ನೆ.

ಹಾಗಾದರೆ ಮೈಯನ್ನು 9ರಿಂದ 7ಕ್ಕೆ ಇಳಿಸಿದರಾಯಿತು ಅನ್ನಿಸುತ್ತದೆ. ಇಳಿಸಲಾಗುವುದಿಲ್ಲ, ಪಿಕ್ಸೆಲ್ ಅಕ್ಷರ ಕುಗ್ಗುವುದಿಲ್ಲ. ಯಾವ 2 ಸಾಲು ತೆಗೆಯುತ್ತೀರಿ? ನಡುವಿನದು ತೆಗೆದರೆ ಹೊಟ್ಟೆ ಸೀಳಿದ ಷ ಹೋಗಿ ಪ ಆಗುತ್ತದೆ, ಕೆಳಗಿನದು ತೆಗೆದರೆ ಧ ಹೋಗಿ ದ. 1985ರಲ್ಲಿ ಫಾಂಟ್ ವಿನ್ಯಾಸಕಿ ಜುಜಾನಾ ಲಿಚ್ಕೊ ಮಾಡಿದ ಎಂಪರರ್, ಓಕ್‌ಲ್ಯಾಂಡ್ ಫಾಂಟ್‌ಗಳಲ್ಲಿ ಒಂದೊಂದು ಎತ್ತರಕ್ಕೂ ಬೇರೆ ಚಿತ್ರ ಇರುವುದು ಇದಕ್ಕೇ. ನಾನೂ ಎಲ್ಲವನ್ನೂ ಮತ್ತೆ ಮೊದಲಿನಿಂದ ಬರೆದೆ.

ಲೆಕ್ಕ ಹೀಗಿರಲಿ: ಮೇಲೆ 3, ಮೈ 7, ಖಾಲಿ 1, ಒತ್ತು 5. ಗೆರೆಯ ದಪ್ಪ 1 ಪಿಕ್ಸೆಲ್ ಮಾತ್ರ. 2 ಮಾಡಿದರೆ ಠ, ಷಗಳ ಒಳಗಿನ ಜಾಗ ಮುಚ್ಚಿಹೋಗುತ್ತದೆ. ಮೊದಲು ಬರೆಯಬೇಕಾದ್ದು ಅ ಅಲ್ಲ. ಶ್ರೇಷ್ಠ, ರಾಷ್ಟ್ರ, ಸ್ತ್ರೀ, ಲಕ್ಷ್ಮಿ, ವಿದ್ಯಾರ್ಥಿ, ಕೃಷ್ಣ. ಇವು ಕೂತರೆ ಉಳಿದವು ಕೂರುತ್ತವೆ. ಒತ್ತುಗಳಲ್ಲಿ ತ, ನ, ಮ, ಯ, ರ, ಲ ಆರಕ್ಕೂ ಮೂಲ ಅಕ್ಷರವನ್ನು ಹೋಲದ ಬೇರೆಯೇ ರೂಪ. ಮಿಕ್ಕವು ಹೆಚ್ಚುಕಡಿಮೆ ತಲೆಕಟ್ಟು ಬಿಟ್ಟ ಪುಟ್ಟ ಅಕ್ಷರಗಳೇ. ಗುಡಿಸನ್ನು ಬಿಡಿ ತುಂಡಾಗಿ ಅಂಟಿಸಲು ಹೋಗಬೇಡಿ. ಕಿ, ತಿ, ಮಿ, ಯಿ ಎಲ್ಲದರಲ್ಲೂ ಅದು ಮೈಗೆ ಸೇರುವ ಜಾಗ ಬೇರೆ. 34 ವ್ಯಂಜನಕ್ಕೂ ಒಂದೊಂದಾಗಿ ಬರೆದುಬಿಡಿ, ಬೇಜಾರಾದರೂ ಅದೇ ವಾಸಿ.

ಸಾಫ್ಟ್‌ವೇರ್ ಯಾವುದಾದರೂ ನಡೆಯುತ್ತದೆ. ಉಚಿತದ ಫಾಂಟ್‌ಫೋರ್ಜ್ ಸಾಕು. ಆದರೆ ಎಮ್ ಅಳತೆ (ಅಕ್ಷರದ ಪೂರ್ತಿ ಎತ್ತರವನ್ನು ಎಷ್ಟು ಭಾಗ ಮಾಡಬೇಕೆನ್ನುವ ಸಂಖ್ಯೆ) 1000 ಇಡಬೇಡಿ. 1000ವನ್ನು 16ರಿಂದ ಭಾಗಿಸಿದರೆ 62.5, ಟ್ರೂಟೈಪ್ ಮಾದರಿಯ ಫಾಂಟ್ ಫೈಲಿನಲ್ಲಿ ಬಿಂದುಗಳು ಪೂರ್ಣಾಂಕವೇ ಆಗಬೇಕಾದ್ದರಿಂದ ಒಂದು ಪಿಕ್ಸೆಲ್ಲಿನ ಚೌಕ 62, ಪಕ್ಕದ್ದು 63 ಆಗುತ್ತದೆ. 1024 ಇಟ್ಟರೆ ಚೌಕಕ್ಕೆ ಸರಿಯಾಗಿ 64. ಪಕ್ಕಪಕ್ಕದ ಚೌಕಗಳನ್ನು ಬೆಸೆದು ಒಂದೇ ಆಕೃತಿ ಮಾಡಿ, ಇಲ್ಲದಿದ್ದರೆ ಕಂಪ್ಯೂಟರ್ ಪರದೆಯಲ್ಲಿ ನಡುವೆ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಒತ್ತಿನ ನಿಯಮ ಬರೆಯುವಾಗ, ಫಾಂಟಿನೊಳಗೆ ಕನ್ನಡ ಲಿಪಿಯನ್ನು ಗುರುತಿಸುವ ಹೊಸ 'ಕೆಎನ್‌ಡಿ2' ಟ್ಯಾಗ್‌ನಲ್ಲಿ ಹಲಂತ (್ ಚಿಹ್ನೆ) ಮೊದಲು, ವ್ಯಂಜನ ಆಮೇಲೆ. ಹಳೆಯ 'ಕೆಎನ್‌ಡಿಎ'ಯಲ್ಲಿ ಇದು ತಿರುಗುಮುರುಗು.

ಇಷ್ಟೆಲ್ಲ ಮಾಡಿದ ಫಾಂಟನ್ನು ಬೋರ್ಡು ನಡೆಸುವ ಚಿಪ್ಪಾದ ಮೈಕ್ರೋಕಂಟ್ರೋಲರ್‌ಗೆ ತುಂಬಿ ಪ್ರಯೋಜನವಿಲ್ಲ. ಅಲ್ಲಿನ ಸಾಮಾನ್ಯ ಲೈಬ್ರರಿಗಳು (ಸಿದ್ಧ ಕೋಡು) ಅಕ್ಷರಗಳನ್ನು ಸಾಲಾಗಿ ಇಡುತ್ತವೆಯೇ ಹೊರತು ಒತ್ತು ಕೂರಿಸುವುದಿಲ್ಲ; 'ಅಕ್ಕ' ಬರೆದರೆ ಅ, ಕ, ಹಲಂತ, ಕ ಅಂತ ಬಿಡಿಬಿಡಿ. ಕಂಪ್ಯೂಟರಿನಲ್ಲಿ ಹಾರ್ಫ್‌ಬಜ್ ಎಂಬ, ಒತ್ತು ಕೂರಿಸಬಲ್ಲ ಲೈಬ್ರರಿ ಬಳಸಿ ಸಾಲನ್ನು ಜೋಡಿಸಿ, ಸರಿಯಾಗಿ 16 ಪಿಕ್ಸೆಲ್ ಗಾತ್ರದಲ್ಲಿ, ಅಂಚು ನಯಗೊಳಿಸುವುದನ್ನು ಆಫ್ ಮಾಡಿ ಚಿತ್ರ ತೆಗೆಯಿರಿ. ಒಂದು ಮಾಡ್ಯೂಲಿಗೆ 512 ಚುಕ್ಕಿ, ಅಂದರೆ 64 ಬೈಟ್. ಆ ಚಿತ್ರವನ್ನೇ ಬೋರ್ಡಿಗೆ ಕಳಿಸಿ. ಎರಡು ಸಾಲು ಬೇಕೇಬೇಕು ಅಂದರೆ ಮಾಡ್ಯೂಲನ್ನು ಒಂದರ ಮೇಲೊಂದು ಕೂರಿಸಿ 32 ಸಾಲು ಮಾಡಿಕೊಳ್ಳಿ.