ಹುಳದ ಆಯಸ್ಸಿಗೂ ಮೈಕ್ರೋಆರ್‌ಎನ್‌ಎಗೂ ಏನು ನಂಟು?

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರ ಕಾಫಿ ತೋಟ. ಇಲ್ಲಿ ನೆಮಟೋಡ್ ಅಂದ್ರೆ ಅರೇಬಿಕಾ ಬೇರು ಹಾಳು ಮಾಡುವ ಹುಳ. ನೆಮಟೋಡ್‌ನಲ್ಲಿ ಮೈಕ್ರೋಆರ್‌ಎನ್‌ಎ ಆಯಸ್ಸು ಹೆಚ್ಚಿಸುತ್ತದೆ ಎಂದು ಮಗಳು ಕಾಲೇಜಿನಲ್ಲಿ ಓದಿ ಬಂದಿದ್ದಾಳೆ. ನಿಜವಾ? ಅದನ್ನು ಮಾತ್ರೆ ಮಾಡಿ ನಾವೂ ನುಂಗಬಹುದಾ?

ಉತ್ತರ: ಮಗಳು ಹೇಳಿದ್ದು ನಿಜ, ಆದರೆ ಹುಳ ಬೇರೆ. ನಿಮ್ಮ ಗಿಡದ ಬೇರಿಗೆ ಬೀಳುವುದು ಪ್ರಾಟಿಲೆಂಕಸ್ ಎಂಬ ನೆಮಟೋಡ್. ಅವಳು ಓದಿದ್ದು ಸಿ. ಎಲಿಗನ್ಸ್ ಎಂಬ ಇನ್ನೊಂದು ನೆಮಟೋಡ್ ಬಗ್ಗೆ. ಅದು ಕೊಳೆತ ಹಣ್ಣಿನಲ್ಲಿ ಬ್ಯಾಕ್ಟೀರಿಯಾ ತಿಂದುಕೊಂಡಿರುತ್ತದೆ, ಕಾಫಿ ಬೇರಿನ ತಂಟೆಗೆ ಹೋಗುವುದಿಲ್ಲ. ಉದ್ದ 1 ಮಿ.ಮೀ., ಆಯಸ್ಸು ಎರಡು–ಮೂರು ವಾರ.

ಜೀನ್‌ನಲ್ಲಿರುವ ಮಾಹಿತಿ ಎಂಆರ್‌ಎನ್‌ಎ ಆಗಿ ನಕಲಾಗುತ್ತದೆ. ಅದನ್ನು ಓದಿ ಜೀವಕೋಶ ಪ್ರೋಟೀನ್ ಮಾಡುತ್ತದೆ. ಮೈಕ್ರೋಆರ್‌ಎನ್‌ಎ ಸುಮಾರು 22 ಅಕ್ಷರಗಳ (ಅಂದರೆ ರಾಸಾಯನಿಕ ಘಟಕಗಳ) ಚಿಕ್ಕ ಆರ್‌ಎನ್‌ಎ ತುಣುಕು. ತನಗೆ ಹೊಂದುವ ಎಂಆರ್‌ಎನ್‌ಎಯ ಬಾಲಕ್ಕೆ ಅಂಟಿಕೊಂಡು ಆ ಪ್ರೋಟೀನ್ ತಯಾರಿಯನ್ನು ತಗ್ಗಿಸುತ್ತದೆ. ಮೊದಲು ಸಿಕ್ಕಿದ್ದು ಲಿನ್-4, 1993ರಲ್ಲಿ, ಇದೇ ಹುಳದಲ್ಲಿ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ ಮೈಕ್ರೋಆರ್‌ಎನ್‌ಎ ಕಂಡುಹಿಡಿದದ್ದಕ್ಕೇ 2024ರ ನೊಬೆಲ್ ಬಂತು.

ಮರಿಹುಳದಲ್ಲಿ ಲಿನ್-4 ಕೆಲಸ, ಲಿನ್-14 ಎಂಬ ಜೀನನ್ನು ತಗ್ಗಿಸಿ ಬೆಳವಣಿಗೆಯನ್ನು ಮುಂದಿನ ಹಂತಕ್ಕೆ ದಾಟಿಸುವುದು. ಬೆಳೆದ ಮೇಲೆ ಅದಕ್ಕೇನು ಕೆಲಸ ಅನ್ನಿಸುತ್ತೆ ಅಲ್ವಾ? ಇಲ್ಲೇ ನನಗೆ ತುಂಬಾ ಹಿಡಿಸಿದ ಪ್ರಯೋಗ ಬರುತ್ತದೆ. ಅಗರ್ ಎಂಬ ಜೆಲ್ಲಿ ಹಾಕಿದ ತಟ್ಟೆಯಲ್ಲಿ ಸಾಕಿದ ಹುಳಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಪ್ಲಾಟಿನಂ ತಂತಿಯ ತುದಿಯಿಂದ ಮೆಲ್ಲಗೆ ಮುಟ್ಟುತ್ತಾರೆ. ಅಲುಗದಿದ್ದರೆ ಸತ್ತಿದೆ ಎಂದು ಲೆಕ್ಕ. ಹೀಗೆ ಎಣಿಸಿದಾಗ, ಲಿನ್-4 ಇಲ್ಲದ ಹುಳಗಳು ಬೇಗ ಮುದಿಯಾಗಿ ಸತ್ತವು. ಲಿನ್-4 ಜಾಸ್ತಿ ಇದ್ದ ಹುಳಗಳು ಹೆಚ್ಚು ದಿನ ಬದುಕಿದವು. ಬೆಳೆದ ಹುಳದಲ್ಲಿ ಲಿನ್-14 ಮಾತ್ರ ತಗ್ಗಿಸಿದರೂ ಆಯಸ್ಸು ಹೆಚ್ಚಿತು. ಇದು 2005ರಲ್ಲಿ ಮಿಷೆಲ್ ಬೋಮ್ ಮತ್ತು ಫ್ರಾಂಕ್ ಸ್ಲ್ಯಾಕ್ ತೋರಿಸಿದ್ದು. ಆದರೆ ಡಾಫ್-16 ಎಂಬ ಪ್ರೋಟೀನ್ ಇಲ್ಲದಿದ್ದರೆ ಈ ಲಾಭ ಸಿಗುವುದಿಲ್ಲ. ಇನ್ಸುಲಿನ್ ಸಂಕೇತ ಕಡಿಮೆಯಾದಾಗ ಡಾಫ್-16 ಕೋಶಕೇಂದ್ರಕ್ಕೆ ಹೋಗಿ, ದೇಹ ಕಾಯುವ ಜೀನ್‌ಗಳನ್ನು ಚುರುಕು ಮಾಡುತ್ತದೆ. ಅಂದರೆ ಮುಪ್ಪು ಸುಮ್ನೆ ಸವೆದು ಬರುವುದಲ್ಲ, ಅದರ ವೇಗದ ಮೇಲೆ ಜೀನ್‌ಗಳಿಗೂ ಹಿಡಿತವಿದೆ.

ಹಾಗಂತ ಎಲ್ಲ ಮೈಕ್ರೋಆರ್‌ಎನ್‌ಎಗಳೂ ಆಯಸ್ಸು ಕೊಡುವುದಿಲ್ಲ. ಮಿರ್-71 ತೆಗೆದರೆ ಹುಳ ಬೇಗ ಸಾಯುತ್ತದೆ. ಮಿರ್-239 ತೆಗೆದರೆ ಹೆಚ್ಚು ದಿನ ಬದುಕುತ್ತದೆ.

ಮಾತ್ರೆಯ ಆಸೆ ಮಾತ್ರ ಬೇಡ. ನಮ್ಮಲ್ಲಿರುವ ಲಿನ್-4ರ ಬಂಧು ಮಿರ್-125. ಇಲಿಗಳ ರಕ್ತ ತಯಾರಿಸುವ ಕೋಶಗಳಲ್ಲಿ ಅದರ ಒಂದು ರೂಪವನ್ನು ಅತಿಯಾಗಿ ಹೆಚ್ಚಿಸಿದಾಗ ರಕ್ತದ ಕ್ಯಾನ್ಸರ್ ಬಂದಿದೆ. ಒಂದೇ ಮೈಕ್ರೋಆರ್‌ಎನ್‌ಎ ಹತ್ತಾರು ಜೀನ್‌ಗಳನ್ನು ಮುಟ್ಟುತ್ತದೆ. ಆಯಸ್ಸು ಹೆಚ್ಚಿಸುವ ಮೈಕ್ರೋಆರ್‌ಎನ್‌ಎ ಎಂದು ಯಾರಾದರೂ ಮಾತ್ರೆ ಮಾರಲು ಬಂದರೆ ದುಡ್ಡು ಕೊಡಬೇಡಿ.